ಮೊದಲ ಹಂಗಾಮಿನ ಹಾಸ್ಯ ಧಾರಾವಾಹಿ: ಅಳಿವು ಉಳಿವುಗಳ ವಿಚಾರ

೧

ಟೆಲಿವಿಷನ್ನಿನಲ್ಲಿ ಹೊಸದಾಗಿ ತೊಡಗಿದ ಹಾಸ್ಯ ಧಾರಾವಾಹಿಯೊಂದು ಮೊದಲ ಕೆಲವು ವಾರಗಳಲ್ಲಿ ಸಾಕಷ್ಟು ಪ್ರೇಕ್ಷಕರನ್ನು ಸಂಪಾದಿಸಿಕೊಳ್ಳದೆ ಹೋದರೆ ಅದನ್ನು ಮುಂದುವರಿಸಬೇಕೆ, ನಿಲ್ಲಿಸಿಬಿಡಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕೇವಲ ವ್ಯಾಪಾರದ ಪ್ರಶ್ನೆಯಾಗಿ ಕಾಣುತ್ತದೆ. ಹಣ ಹೂಡಿದವರು ಯೋಚಿಸಿಕೊಳ್ಳಲಿ, ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೇಳುವವರೂ ಉಂಟು. ಆದರೆ ಇಂದು ಕನ್ನಡ ನಾಡಿನ ಬಹುಸಂಖ್ಯಾತ ಮನೆಗಳಲ್ಲಿ ನಾಟಕದ ಮಾತು ಕಿವಿಗೆ ಬೀಳುವುದು ರಂಗಮಂದಿರದಿಂದಲ್ಲ, ಟೆಲಿವಿಷನ್ ಪೆಟ್ಟಿಗೆಯಿಂದ. ಅಲ್ಲಿ ಯಾವ ಬಗೆಯ ಹಾಸ್ಯ ಉಳಿಯುತ್ತದೆ, ಯಾವುದು ಚಿಗುರಿನಲ್ಲೇ ಕಮರುತ್ತದೆ ಎಂಬುದು ಭಾಷೆಯ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ. ಆದುದರಿಂದ ಇದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಸಿಟ್‌ಕಾಮ್ ಎಂದು ಪಶ್ಚಿಮ ದೇಶಗಳಲ್ಲಿ ಕರೆಯುವ ಪ್ರಕಾರವನ್ನು ಈ ಲೇಖನದಲ್ಲಿ ಹಾಸ್ಯ ಧಾರಾವಾಹಿ ಎಂದೂ, ಅದರ ಕಂತುಗಳ ಒಂದು ಗುಂಪಿಗೆ ಅವರು ಹೇಳುವ ಸೀಸನ್ನನ್ನು ಹಂಗಾಮು ಎಂದೂ ಕರೆಯಲಾಗಿದೆ. ಬೇಸಾಯಗಾರನ ಮಾತಾದ ಹಂಗಾಮು ಎಂಬುದು ಇಲ್ಲಿ ಚೆನ್ನಾಗಿಯೇ ಒಪ್ಪುತ್ತದೆ. ಬಿತ್ತನೆಗೂ ಕೊಯ್ಲಿಗೂ ನಡುವೆ ಕಾಯಬೇಕಾದ ಕಾಲವೊಂದುಂಟು ಎಂಬ ಅರ್ಥ ಅದರಲ್ಲಿಯೇ ಅಡಗಿದೆ. ಈ ಕಾಯುವಿಕೆಯ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದೇ ಹೊಸ ಹಾಸ್ಯ ಧಾರಾವಾಹಿಯ ಅಳಿವು ಉಳಿವನ್ನು ನಿರ್ಣಯಿಸುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

೨

ಮೊದಲು ಈ ಪ್ರಕಾರದ ಲಕ್ಷಣವನ್ನು ನೋಡೋಣ. ಕಥಾಪ್ರಧಾನವಾದ ಧಾರಾವಾಹಿ ಮುಂದೇನಾಗುವುದೋ ಎಂಬ ಕುತೂಹಲದಿಂದ ಪ್ರೇಕ್ಷಕನನ್ನು ಹಿಡಿದಿಡುತ್ತದೆ. ಹಾಸ್ಯ ಧಾರಾವಾಹಿಯ ಸ್ವಭಾವ ಇದಕ್ಕೆ ವಿರುದ್ಧ. ಅದರಲ್ಲಿ ಪಾತ್ರಗಳು ಬದಲಾಗುವುದಿಲ್ಲ. ಅವು ಇರುವ ಮನೆ, ಕಚೇರಿ, ಅಂಗಡಿ ಬದಲಾಗುವುದಿಲ್ಲ. ಪ್ರತಿ ಕಂತಿನ ಕೊನೆಗೂ ಎಲ್ಲವೂ ಮೊದಲಿದ್ದ ಸ್ಥಿತಿಗೇ ಮರಳುತ್ತದೆ. ಹೀಗಿದ್ದೂ ಜನ ನೋಡುವುದೇಕೆ? ಈ ಮನುಷ್ಯ ಈ ಸಂದರ್ಭದಲ್ಲಿ ಹೀಗೆಯೇ ಮಾಡುತ್ತಾನೆ ಎಂದು ಮೊದಲೇ ತಿಳಿದಿದ್ದು, ಅವನು ಹಾಗೆಯೇ ಮಾಡಿದಾಗ ಉಂಟಾಗುವ ಸಂತೋಷಕ್ಕಾಗಿ. ಇದು ಪರಿಚಯದಿಂದ ಹುಟ್ಟುವ ನಗೆ.

ಭರತನ ನಾಟ್ಯಶಾಸ್ತ್ರವು ವಿಕೃತವಾದ ವೇಷ, ಅಲಂಕಾರ, ಚೇಷ್ಟೆ ಮೊದಲಾದವನ್ನು ಹಾಸ್ಯದ ವಿಭಾವಗಳೆಂದು ಹೇಳಿ, ಸ್ಮಿತದಿಂದ ಅತಿಹಸಿತದವರೆಗೆ ನಗೆಯ ಆರು ಭೇದಗಳನ್ನು ಗುರುತಿಸುತ್ತದೆ. ಅಪರಿಚಿತನೊಬ್ಬನ ವಿಕೃತವೇಷ ಒಡನೆಯೇ ದೊಡ್ಡ ನಗೆಯನ್ನು ಎಬ್ಬಿಸಬಲ್ಲುದು. ಆದರೆ ಆ ನಗೆ ಎರಡನೆಯ ದಿನಕ್ಕೆ ಉಳಿಯದು. ಹಾಸ್ಯ ಧಾರಾವಾಹಿ ಮುಖ್ಯವಾಗಿ ಅವಲಂಬಿಸುವುದು ಸ್ಮಿತ ಹಸಿತಗಳನ್ನು. ಇವು ಹುಟ್ಟಬೇಕಾದರೆ ಪಾತ್ರದ ಸ್ವಭಾವ ಪ್ರೇಕ್ಷಕನಿಗೆ ಮನವರಿಕೆಯಾಗಿರಬೇಕು.

ಈಟಿವಿ ಕನ್ನಡ ವಾಹಿನಿಯ ‘ಪಾ.ಪ. ಪಾಂಡು’ ಧಾರಾವಾಹಿಯನ್ನೇ ತೆಗೆದುಕೊಳ್ಳಬಹುದು. ಚಿದಾನಂದ ಅವರು ಅಭಿನಯಿಸಿದ ಪಾಂಡು ಹೆಂಡತಿಗೆ ಅಂಜುವ ಗಂಡ. ಶಾಲಿನಿ ಅವರ ಪಾತ್ರ ಆ ಅಂಜಿಕೆಗೆ ಕಾರಣಳಾದ ಹೆಂಡತಿ. ಗಂಡ ಅಂಜುವುದು ಮೊದಲ ದಿನ ಒಂದು ವಾರ್ತೆ ಮಾತ್ರ. ಐವತ್ತನೆಯ ದಿನ, ಬಾಗಿಲು ಸದ್ದಾದೊಡನೆ ಪಾಂಡುವಿನ ಮುಖ ಹೇಗಾಗುತ್ತದೆಂದು ನೋಡುವವನಿಗೆ ಗೊತ್ತಿರುವುದರಿಂದ, ಸದ್ದೇ ಹಾಸ್ಯವಾಗಿ ಪರಿಣಮಿಸುತ್ತದೆ. ವಿಜಯಪ್ರಸಾದ್ ಅವರು ನಿರ್ದೇಶಿಸಿದ ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಗೌಡ ಅವರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿ ಅವರ ಸಮಾಜಸೇವಕಿ ಲಲಿತಾಂಬ, ಇವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಪಾತ್ರದ ಹೆಸರು ನಟನ ಹೆಸರಿಗೇ ಅಂಟಿಕೊಳ್ಳುವಷ್ಟು ಈ ಪರಿಚಯ ಬೆಳೆಯಬಹುದು. ದೂರದರ್ಶನದ ‘ಸಿಹಿ ಕಹಿ’ ನಿಂತು ದಶಕಗಳೇ ಕಳೆದರೂ ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ದಂಪತಿಗಳು ಇಂದಿಗೂ ಸಿಹಿ ಕಹಿ ಚಂದ್ರು, ಸಿಹಿ ಕಹಿ ಗೀತಾ ಎಂದೇ ಪ್ರಸಿದ್ಧರು.

ಇದರಿಂದ ಒಂದು ಫಲಿತಾಂಶ ಹೊರಡುತ್ತದೆ. ಪರಿಚಯವೇ ಈ ಪ್ರಕಾರದ ಬಂಡವಾಳವಾಗಿದ್ದರೆ, ಆರಂಭದಲ್ಲಿ ಪ್ರತಿಯೊಂದು ಹಾಸ್ಯ ಧಾರಾವಾಹಿಯೂ ಬಂಡವಾಳವಿಲ್ಲದೆಯೇ ವ್ಯಾಪಾರಕ್ಕೆ ಇಳಿದಂತೆ. ಮೊದಲ ವಾರಗಳಲ್ಲಿ ಅದು ಪೇಲವವಾಗಿ ಕಾಣುವುದು ಅನೇಕ ವೇಳೆ ದೋಷವಲ್ಲ, ಆ ಪ್ರಕಾರದ ಬಾಲ್ಯಸ್ಥಿತಿ. ನಿಜವಾದ ದೋಷವನ್ನೂ ಈ ಬಾಲ್ಯವನ್ನೂ ಬೇರ್ಪಡಿಸಿ ನೋಡುವುದೇ ಕಷ್ಟವಾದ ಕೆಲಸ.

೩

ನಮ್ಮ ರಂಗಭೂಮಿ ಈ ಕಷ್ಟವನ್ನು ತನ್ನದೇ ರೀತಿಯಲ್ಲಿ ಪರಿಹರಿಸಿಕೊಂಡಿತ್ತು. ಕಂಪನಿ ನಾಟಕಗಳಲ್ಲಿ ಹಾಸ್ಯದ ಮಾತು ಬರವಣಿಗೆಯಲ್ಲಿ ಸ್ಥಿರವಾಗಿ ನಿಂತಿರಲಿಲ್ಲ. ‘ಸದಾರಮೆ’ಯ ಕಳ್ಳನಾಗಿ ಗುಬ್ಬಿ ವೀರಣ್ಣನವರು, ಮುಂದೆ ‘ಲಂಚಾವತಾರ’ದಲ್ಲಿ ಮಾಸ್ಟರ್ ಹಿರಣ್ಣಯ್ಯನವರು, ಊರಿಗೆ ತಕ್ಕಂತೆ, ದಿನಕ್ಕೆ ತಕ್ಕಂತೆ ಮಾತನ್ನು ತಿದ್ದಿಕೊಳ್ಳುತ್ತಿದ್ದರು. ಸಭಿಕರು ನಗದ ಮಾತನ್ನು ಮರುರಾತ್ರಿ ಬಿಟ್ಟುಬಿಡಬಹುದಾಗಿತ್ತು. ನಕ್ಕ ಮಾತನ್ನು ಬೆಳೆಸಬಹುದಾಗಿತ್ತು. ಟೆಲಿವಿಷನ್ನಿನಲ್ಲಿ ಕಂತು ಮೊದಲೇ ಚಿತ್ರಿತವಾಗಿ ಸಿದ್ಧವಾಗಿರುತ್ತದೆ. ಮನೆಮನೆಯ ನಗೆ ನಟನಿಗೆ ಕೇಳಿಸುವುದಿಲ್ಲ. ಪ್ರೇಕ್ಷಕನ ಅಭಿಪ್ರಾಯ ಬರಹಗಾರನಿಗೆ ತಲಪಿ, ಅದಕ್ಕೆ ತಕ್ಕ ಮಾರ್ಪಾಟು ತೆರೆಯ ಮೇಲೆ ಕಾಣಬೇಕಾದರೆ ವಾರಗಳೇ ಬೇಕು. ಹಂಗಾಮಿನ ಏರ್ಪಾಟು ಪ್ರಯೋಜನಕ್ಕೆ ಬರುವುದು ಇಲ್ಲಿಯೇ.

ಭಾರತದಲ್ಲಿ ಪ್ರಾಯೋಜಿತ ಧಾರಾವಾಹಿಗಳು ೧೯೮೪ರಿಂದೀಚೆಗೆ ಹಬ್ಬಿದಾಗ ದೂರದರ್ಶನವು ಸಾಮಾನ್ಯವಾಗಿ ೧೩ ಕಂತುಗಳ ಲೆಕ್ಕದಲ್ಲಿ ಅನುಮತಿ ಕೊಡುತ್ತಿತ್ತು. ವರ್ಷದ ೫೨ ವಾರಗಳ ಕಾಲುಭಾಗವೇ ಈ ೧೩. ವಾರಕ್ಕೊಂದು ಕಂತಿನಂತೆ ಮೂರು ತಿಂಗಳು ನಡೆದ ಮೇಲೆ ಮುಂದುವರಿಕೆಯ ವಿಚಾರ. ಇದು ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ನಿಯಮವಾದರೂ ಕಲೆಗೂ ಉಪಕಾರಿಯಾಯಿತು. ೧೯೮೪ರ ಜುಲೈ ೭ರಂದು ಆರಂಭವಾದ ‘ಹಮ್ ಲೋಗ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಹಾಸ್ಯ ಧಾರಾವಾಹಿಯಲ್ಲದಿದ್ದರೂ ಮೊದಲ ಹಂಗಾಮಿನ ಸಂಕಟವನ್ನು ಪೂರ್ತಿಯಾಗಿ ಅನುಭವಿಸಿತು. ಕುಟುಂಬ ಯೋಜನೆಯ ಉಪದೇಶ ಅತಿಯಾಯಿತೆಂಬ ಆಕ್ಷೇಪ ಮೊದಲ ೧೩ ಕಂತುಗಳಲ್ಲೇ ಕೇಳಿಬಂದಿತು. ಲೇಖಕ ಮನೋಹರ ಶ್ಯಾಮ ಜೋಶಿಯವರು ಉಪದೇಶವನ್ನು ತಗ್ಗಿಸಿ ಮನೆಮಂದಿಯ ಸ್ವಭಾವವನ್ನು ಮುಂದಕ್ಕೆ ತಂದರು. ೧೯೮೫ರ ಡಿಸೆಂಬರಿನವರೆಗೆ ನಡೆದು ೧೫೦ಕ್ಕೂ ಹೆಚ್ಚು ಕಂತುಗಳನ್ನು ಕಂಡ ಆ ಧಾರಾವಾಹಿಯನ್ನು ಹದಿಮೂರಕ್ಕೇ ನಿಲ್ಲಿಸಿದ್ದರೆ, ಅದೊಂದು ವಿಫಲ ಪ್ರಯೋಗವೆಂದು ಮಾತ್ರ ಇಂದು ಹೆಸರಾಗುತ್ತಿತ್ತು. ಅದೇ ವರ್ಷ ಬಂದ ‘ಯೇ ಜೋ ಹೈ ಜಿಂದಗಿ’ ನಿಜವಾದ ಅರ್ಥದಲ್ಲಿ ಹಾಸ್ಯ ಧಾರಾವಾಹಿ. ಅದರಲ್ಲಿ ಸತೀಶ್ ಶಾ ಅವರು ಕಂತಿಗೊಂದು ಹೊಸ ಪಾತ್ರವಾಗಿ ಬರುತ್ತಿದ್ದರು. ಸ್ಥಿರವಾದ ಮನೆಗೆ ಪ್ರತಿವಾರವೂ ಹೊಸ ಅತಿಥಿ, ಆದರೆ ಅತಿಥಿಯ ಮುಖ ಮಾತ್ರ ಪರಿಚಿತ. ಪರಿಚಯವನ್ನೂ ನಾವೀನ್ಯವನ್ನೂ ಕೂಡಿಸುವ ಜಾಣ ಉಪಾಯವಿದು.

ಬೆಂಗಳೂರಿನಲ್ಲಿ ಈ ಪ್ರಯೋಗಗಳ ನೆಲೆ ಕಂಟೋನ್ಮೆಂಟಿಗೆ ಹೊಂದಿಕೊಂಡ ಜೆ.ಸಿ. ನಗರದ ದೂರದರ್ಶನ ಕೇಂದ್ರ. ‘ಸಿಹಿ ಕಹಿ’, ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಮೊದಲಾದ ಕನ್ನಡದ ಆದಿಕಾಲದ ಹಾಸ್ಯ ಧಾರಾವಾಹಿಗಳು ೧೯೮೦ರ ದಶಕದಲ್ಲಿ ಜನರನ್ನು ಮುಟ್ಟಿದ್ದು ಆ ಕೇಂದ್ರದ ಮೂಲಕ. ಆಗ ಮನೆಯಲ್ಲಿ ಬೇರೆ ಕನ್ನಡ ವಾಹಿನಿ ಇರಲಿಲ್ಲ. ಪ್ರೇಕ್ಷಕ ಇಷ್ಟಪಟ್ಟರೂ ಪಡದಿದ್ದರೂ ಮುಂದಿನ ವಾರ ಅದೇ ಪಾತ್ರವನ್ನು ಮತ್ತೆ ನೋಡುತ್ತಿದ್ದ. ಪರಿಚಯಕ್ಕೆ ಬೇಕಾದ ಕಾಲ, ಯಾರ ಔದಾರ್ಯವೂ ಇಲ್ಲದೆ, ತಾನಾಗಿಯೇ ಒದಗುತ್ತಿತ್ತು.

೪

ಆಯ್ಕೆ ಹೇರಳವಾಗಿರುವ ಕಡೆ ಈ ಕಾಲವನ್ನು ಯಾರಾದರೂ ಬುದ್ಧಿಪೂರ್ವಕವಾಗಿ ಕೊಡಬೇಕಾಗುತ್ತದೆ. ಅಮೆರಿಕದ ಎರಡು ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ೧೯೬೧ರಲ್ಲಿ ತೊಡಗಿದ ‘ದಿ ಡಿಕ್ ವ್ಯಾನ್ ಡೈಕ್ ಷೋ’ ಮೊದಲ ಹಂಗಾಮಿನ ಕೊನೆಗೆ ನಿಂತೇಹೋಗುವುದರಲ್ಲಿತ್ತು. ನಿರ್ಮಾಪಕ ಷೆಲ್ಡನ್ ಲಿಯೊನಾರ್ಡ್ ಪ್ರಾಯೋಜಕರ ಬಳಿಗೆ ತಾನೇ ಹೋಗಿ ವಾದಿಸಿ ಅದನ್ನು ಉಳಿಸಿಕೊಂಡನು. ಅದು ೧೯೬೬ರವರೆಗೆ ೧೫೮ ಕಂತು ನಡೆಯಿತು. ೧೯೮೨ರಲ್ಲಿ ಬಂದ ‘ಚಿಯರ್ಸ್’ ಆರಂಭದಲ್ಲಿ ಪ್ರೇಕ್ಷಕಸಂಖ್ಯೆಯ ಪಟ್ಟಿಯ ತಳದ ಸಮೀಪದಲ್ಲಿತ್ತು. ಅದನ್ನು ಪ್ರಸಾರ ಮಾಡುತ್ತಿದ್ದ ಎನ್.ಬಿ.ಸಿ. ಸಂಸ್ಥೆ ಆಗ ಸ್ಪರ್ಧೆಯಲ್ಲಿ ಹಿಂದುಳಿದಿತ್ತು. ಅದರ ಸ್ಥಾನದಲ್ಲಿ ಹಾಕಲು ಹೆಚ್ಚು ಜನಪ್ರಿಯವಾದುದೇನೂ ಅದರ ಕೈಯಲ್ಲಿರಲಿಲ್ಲ. ಕಾದರು. ಆ ಧಾರಾವಾಹಿ ೧೯೯೩ರವರೆಗೆ ೧೧ ಹಂಗಾಮುಗಳಲ್ಲಿ ೨೭೫ ಕಂತುಗಳನ್ನು ಪೂರೈಸಿತು.

ಮೊದಲನೆಯದನ್ನು ಒಬ್ಬ ವ್ಯಕ್ತಿಯ ನಂಬಿಕೆ ಉಳಿಸಿತು, ಎರಡನೆಯದಕ್ಕೆ ಸಂಸ್ಥೆಯ ಬಡತನವೂ ನೆರವಾಯಿತು. ಎರಡರಲ್ಲಿಯೂ ಮೊದಲ ಅಂಕಿಗಳು ಮುಂದಿನ ಭವಿಷ್ಯವನ್ನು ಹೇಳಲಿಲ್ಲ. ಕಾದು ನೋಡಿದವೆಲ್ಲ ಫಲಿಸಿದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಾದರೂ ಬೆಳೆಯದೆ ಹೋದವೇ ಹೆಚ್ಚು. ಆದರೆ ಕಾಯದೆ ಇದ್ದಲ್ಲಿ ಫಲಿಸಬಹುದಾದುದೂ ಫಲಿಸದು ಎಂಬಷ್ಟು ನಿಶ್ಚಯ.

ಇಂಗ್ಲೆಂಡಿನ ಪದ್ಧತಿ ಇನ್ನೊಂದು ಬಗೆ. ಅಲ್ಲಿ ಒಂದು ಹಂಗಾಮಿಗೆ ಆರೇ ಕಂತುಗಳು ಸಾಮಾನ್ಯ. ಬಿ.ಬಿ.ಸಿ.ಯ ‘ಫಾಲ್ಟಿ ಟವರ್ಸ್’ ೧೯೭೫ರಲ್ಲಿ ಆರು, ೧೯೭೯ರಲ್ಲಿ ಆರು, ಒಟ್ಟು ೧೨ ಕಂತುಗಳಷ್ಟೇ. ಅದರ ಕೀರ್ತಿ ಇಂದಿಗೂ ಮಾಸಿಲ್ಲ. ಒಂದು ಧಾರಾವಾಹಿ ಬಹುಕಾಲ ಉಳಿಯಿತೇ ಎಂಬುದಕ್ಕೆ ಎರಡು ಅರ್ಥಗಳುಂಟು, ಪ್ರಸಾರದಲ್ಲಿ ಉಳಿಯುವುದು ಒಂದು, ನೆನಪಿನಲ್ಲಿ ಉಳಿಯುವುದು ಇನ್ನೊಂದು ಎಂಬುದನ್ನು ಇದು ತೋರಿಸುತ್ತದೆ.

೫

ಈಗ ಕನ್ನಡದ ಇಂದಿನ ಸ್ಥಿತಿಗೆ ಬರೋಣ. ೧೯೯೪ರಲ್ಲಿ ಉದಯ, ೨೦೦೦ದ ಕೊನೆಗೆ ಈಟಿವಿ ಕನ್ನಡ, ಅನಂತರ ಜೀ ಕನ್ನಡ, ಸುವರ್ಣ ಮೊದಲಾದ ಖಾಸಗಿ ವಾಹಿನಿಗಳು ಬಂದ ಮೇಲೆ ವಾರಕ್ಕೊಮ್ಮೆ ಬರುವ ಧಾರಾವಾಹಿ ಹಿಂದೆ ಸರಿದು, ವಾರದ ಐದೂ ದಿನ ಬರುವ ಧಾರಾವಾಹಿಯೇ ರೂಢಿಯಾಯಿತು. ಇದರ ಪರಿಣಾಮವನ್ನು ಸಾಧಾರಣ ಲೆಕ್ಕದಿಂದಲೇ ತಿಳಿಯಬಹುದು. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ ೧೨ ನಿಮಿಷಗಳಿಗಿಂತ ಹೆಚ್ಚು ಜಾಹೀರಾತು ಕೂಡದು. ಆದುದರಿಂದ ಅರ್ಧ ಗಂಟೆಯ ಅವಧಿಯಲ್ಲಿ ಸುಮಾರು ೨೪ ನಿಮಿಷ ಹಾಸ್ಯವನ್ನು ಒದಗಿಸಬೇಕು. ವಾರಕ್ಕೆ ೧೨೦ ನಿಮಿಷ. ವರ್ಷಕ್ಕೆ ೨೬೦ ಕಂತು. ‘ಫಾಲ್ಟಿ ಟವರ್ಸ್’ ನಾಲ್ಕು ವರ್ಷಗಳ ಅಂತರದಲ್ಲಿ ಕೊಟ್ಟಷ್ಟು ಕಂತುಗಳನ್ನು ಕನ್ನಡದ ಬರಹಗಾರ ಎರಡೂವರೆ ವಾರದಲ್ಲಿ ಕೊಡಬೇಕಾಗುತ್ತದೆ.

ದಿನವಹಿ ಪ್ರಸಾರದಿಂದ ಲಾಭವಿಲ್ಲವೆಂದಲ್ಲ. ಪರಿಚಯ ಬೇಗ ಬೆಳೆಯುತ್ತದೆ. ವಾರಕ್ಕೊಮ್ಮೆ ಬರುವ ಪಾತ್ರ ಮೂರು ತಿಂಗಳಲ್ಲಿ ಸಾಧಿಸುವ ಸಲಿಗೆಯನ್ನು ದಿನವೂ ಬರುವ ಪಾತ್ರ ಮೂರು ವಾರಗಳೊಳಗೆ ಸಾಧಿಸಬಲ್ಲುದು. ‘ಪಾ.ಪ. ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಮನೆಮಾತಾದುದರಲ್ಲಿ ಈ ನಿತ್ಯದರ್ಶನದ ಪಾಲು ದೊಡ್ಡದು. ೨೦೧೮ರಲ್ಲಿ ಕಲರ್ಸ್ ಸೂಪರ್ ವಾಹಿನಿ ಹಾಸ್ಯವನ್ನು ಬಯಸಿದಾಗ ಅದೇ ಚಿದಾನಂದ ಹಾಗೂ ಶಾಲಿನಿ ಅವರೊಡನೆ ‘ಪಾ.ಪ. ಪಾಂಡು’ವನ್ನು ಮತ್ತೆ ತಂದುದು ಗಮನಾರ್ಹ. ಹಳೆಯ ಪರಿಚಯ ಸಿದ್ಧವಾಗಿರುವಾಗ ಹೊಸ ಪರಿಚಯ ಬೆಳೆಸುವ ವೆಚ್ಚ ಉಳಿಯುತ್ತದೆ ಎಂಬುದೇ ಇದರ ತರ್ಕ. ತರ್ಕ ಸರಿಯಾದುದೇ, ಆದರೆ ಎಲ್ಲರೂ ಇದನ್ನೇ ಅನುಸರಿಸಿದರೆ ಇಪ್ಪತ್ತು ವರ್ಷಗಳ ಮೇಲೆ ಮರಳಿ ತರಲು ಯಾವ ಪಾತ್ರವೂ ಉಳಿದಿರುವುದಿಲ್ಲ.

ನಷ್ಟ ಬೇರೊಂದು ಕಡೆ ಇದೆ. ದಿನವಹಿ ಧಾರಾವಾಹಿಗೆ ಹಂಗಾಮೇ ಇಲ್ಲ. ನಿಂತು ಯೋಚಿಸಲು, ನಗದ ಪಾತ್ರವನ್ನು ಬಿಡಲು, ಬರವಣಿಗೆಯ ದಿಕ್ಕನ್ನು ತಿದ್ದಲು ವಿರಾಮವಿಲ್ಲ. ಅದು ಒಂದೋ ನಡೆಯುತ್ತಲೇ ಇರಬೇಕು, ಇಲ್ಲವೇ ಸಾಯಬೇಕು. ಬತ್ತಿದ ಬರಹಗಾರ ಸನ್ನಿವೇಶವನ್ನು ಬಿಟ್ಟು ವಿಕೃತವೇಷಕ್ಕೆ, ಕಿರುಚಾಟಕ್ಕೆ, ಮೈಬಣ್ಣ ಮೈಕಟ್ಟುಗಳ ಹೀಯಾಳಿಕೆಗೆ ಕೈಹಾಕುವುದು ಇಂಥ ಒತ್ತಡದಲ್ಲಿಯೇ. ಹಾಸ್ಯದ ಅಭಿರುಚಿ ಕೆಟ್ಟಿತೆಂದು ದೂರುವವರು ಈ ಲೆಕ್ಕವನ್ನೂ ನೋಡುವುದು ಒಳ್ಳೆಯದು.

೬

ಅಳಿವು ಉಳಿವನ್ನು ನಿರ್ಣಯಿಸುವ ಅಂಕಿಗಳ ಸ್ವರೂಪವೇನು? ಭಾರತದಲ್ಲಿ ೨೦೧೫ರಿಂದ ಪ್ರೇಕ್ಷಕಸಂಖ್ಯೆಯ ಅಳತೆ ಬಾರ್ಕ್ ಎಂಬ ಸಂಸ್ಥೆಯ ಕೈಯಲ್ಲಿದೆ. ಆಯ್ದ ಮನೆಗಳಲ್ಲಿ ಮಾಪಕಗಳನ್ನಿರಿಸಿ ವಾರವಾರವೂ ಅಂಕಿಗಳನ್ನು ಪ್ರಕಟಿಸುತ್ತಾರೆ. ೨೦೨೫ರಲ್ಲಿ ಇಂತಹ ಮನೆಗಳು ಸುಮಾರು ೫೮ ಸಾವಿರ. ದೇಶದಲ್ಲಿ ಟೆಲಿವಿಷನ್ ಇರುವ ಮನೆಗಳು ಸುಮಾರು ೨೩ ಕೋಟಿ. ಎಂದರೆ ಹೆಚ್ಚುಕಡಮೆ ನಾಲ್ಕು ಸಾವಿರ ಮನೆಗಳಿಗೆ ಒಂದು ಮಾಪಕ.

ಮಾದರಿ ಚಿಕ್ಕದೆಂಬ ಕಾರಣಕ್ಕೇ ಅಳತೆ ತಪ್ಪೆನ್ನುವುದು ಸಂಖ್ಯಾಶಾಸ್ತ್ರ ತಿಳಿದವರ ಮಾತಲ್ಲ. ದೊಡ್ಡ ಜನಪ್ರಿಯತೆಯನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ತೊಡಕಿರುವುದು ಚಿಕ್ಕ ಸಂಖ್ಯೆಗಳಲ್ಲಿ. ಒಂದು ಪ್ರದೇಶದಲ್ಲಿ ಸಾವಿರ ಮಾಪಕಗಳಿವೆಯೆಂದೂ, ಹೊಸ ಧಾರಾವಾಹಿಯನ್ನು ನೂರಕ್ಕೆ ಎರಡು ಮನೆಗಳು ನೋಡುತ್ತಿವೆಯೆಂದೂ ಉದಾಹರಣೆಗಾಗಿ ಭಾವಿಸೋಣ. ಮಾಪಕಗಳಲ್ಲಿ ಕಾಣಬೇಕಾದುದು ೨೦ ಮನೆ. ಆದರೆ ಸಂಭಾವ್ಯತೆಯ ಗಣಿತದಂತೆ, ನೋಡುವವರ ನಿಜಸಂಖ್ಯೆ ಸ್ವಲ್ಪವೂ ಬದಲಾಗದಿದ್ದರೂ, ಒಂದೊಂದು ಬಾರಿ ಹೊಸದಾಗಿ ಮಾದರಿ ತೆಗೆದರೆ ಈ ಸಂಖ್ಯೆ ೧೧ರಿಂದ ೨೯ರವರೆಗೆ ಎಲ್ಲಿಯಾದರೂ ನಿಲ್ಲಬಹುದು. ಇಪ್ಪತ್ತು ಇದ್ದುದು ಹದಿನಾರಕ್ಕೆ ಇಳಿಯಿತೆಂದರೆ ಐದರಲ್ಲಿ ಒಂದು ಪಾಲು ಪ್ರೇಕ್ಷಕರು ಹೋದರೆಂದು ಕಚೇರಿಯಲ್ಲಿ ಗಾಬರಿ ಹುಟ್ಟಬಹುದು. ವಾಸ್ತವದಲ್ಲಿ ಏನೂ ಆಗಿರದೆ ಇರಬಹುದು. ಎಳೆಯ ಧಾರಾವಾಹಿಯ ಸಂಖ್ಯೆಗಳು ಚಿಕ್ಕವು. ಆದುದರಿಂದ ತಾಳ್ಮೆಯ ಅವಶ್ಯಕತೆ ಎಲ್ಲಿ ಹೆಚ್ಚೋ ಅಲ್ಲಿಯೇ ಅಳತೆಯ ನಂಬಿಕೆ ಕಡಮೆ.

೭

ಇನ್ನು ಪ್ರೇಕ್ಷಕನ ಕಡೆಯಿಂದ ನೋಡಬೇಕು. ಬೆಂಗಳೂರಿನ ಪೂರ್ವಭಾಗ ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರ. ೧೮೮೧ರಲ್ಲಿ ಮೈಸೂರು ಸಂಸ್ಥಾನ ಅರಸರಿಗೆ ಮರಳಿದಾಗಲೂ ಕಂಟೋನ್ಮೆಂಟ್ ಬ್ರಿಟಿಷರ ಆಡಳಿತದಲ್ಲೇ ಉಳಿದು, ೧೯೪೭ರಲ್ಲಿ ಮೈಸೂರಿಗೆ ಸೇರಿ, ೧೯೪೯ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ ಆಯಿತು. ಶಿವಾಜಿನಗರ, ಹಲಸೂರುಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಬೆರೆಯುತ್ತವೆ. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳ ಸುತ್ತ ಬೆಳೆದ ಬಡಾವಣೆಗಳಲ್ಲಿ ನಾನಾ ಜಿಲ್ಲೆಗಳ ಕನ್ನಡ ಕಲೆತಿದೆ. ಆ ಕಾರ್ಖಾನೆಗಳ ನೌಕರರ ಕನ್ನಡ ಸಂಘಗಳು ಹವ್ಯಾಸಿ ನಾಟಕಗಳನ್ನು ಬೆಳೆಸಿದ್ದೂ ಉಂಟು. ೨೦೦೭ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಕೃಷ್ಣರಾಜಪುರದಲ್ಲಿ ಹಳೆಯ ಹಳ್ಳಿಯ ಮನೆತನಗಳೂ ಹೊಸ ಉದ್ಯೋಗಿಗಳೂ ನೆರೆಹೊರೆಯವರು. ಇಂದಿರಾನಗರದ ಮಾತಿನಲ್ಲಿ ಇಂಗ್ಲಿಷಿನ ಪಾಲು ದೊಡ್ಡದು.

ಇಂಥ ಮನೆಯಲ್ಲಿ ಕನ್ನಡದ ಹೊಸ ಹಾಸ್ಯ ಧಾರಾವಾಹಿಗೆ ಎದುರಾಳಿ ಇನ್ನೊಂದು ಕನ್ನಡ ಧಾರಾವಾಹಿ ಮಾತ್ರವಲ್ಲ, ನಾಲ್ಕೈದು ಭಾಷೆಗಳ ನೂರಾರು ವಾಹಿನಿಗಳು. ಹಾಸ್ಯ ಮಾತಿನ ಜಾಡನ್ನು ಹಿಡಿದು ಬರುವುದರಿಂದ, ತನ್ನ ಬೀದಿಯ ಮಾತು ಅಲ್ಲಿ ಕೇಳದ ಪ್ರೇಕ್ಷಕ ಬೇಗ ಬೇರೆಡೆಗೆ ತಿರುಗುತ್ತಾನೆ. ಈ ಮಿಶ್ರಭಾಷೆಯನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಕೈಲಾಸಂ ಅವರು ಕನ್ನಡ ಇಂಗ್ಲಿಷುಗಳ ಬೆರಕೆ ಮಾತಿನಿಂದಲೇ ಬೆಂಗಳೂರಿನ ಮನೆಯೊಳಗಿನ ಹಾಸ್ಯವನ್ನು ಕಡೆದು ತೆಗೆದರು. ಹಲಸೂರಿನ ಅಂಗಡಿಯೊಂದರಲ್ಲಿ ನಾಲ್ಕು ಭಾಷೆಗಳಲ್ಲಿ ನಡೆಯುವ ಚೌಕಾಸಿಯಲ್ಲಿ ಎಷ್ಟು ಸನ್ನಿವೇಶಗಳು ಅಡಗಿಲ್ಲ!

ಇತ್ತೀಚೆಗೆ ಈ ದಾರಿಯಲ್ಲಿ ನಡೆದ ಪ್ರಯೋಗ ‘ಹಂಬಲ್ ಪೊಲಿಟಿಶಿಯನ್ ನೊಗರಾಜ್’. ಡ್ಯಾನಿಷ್ ಸೇಠ್ ಅವರು ಖಾಸಗಿ ರೇಡಿಯೊದಲ್ಲಿ ಬೆಳೆಸಿದ ಈ ಬೆಂಗಳೂರು ರಾಜಕಾರಣಿಯ ಪಾತ್ರ ೨೦೧೮ರಲ್ಲಿ ಚಲನಚಿತ್ರವಾಗಿ, ೨೦೨೨ರ ಜನವರಿಯಲ್ಲಿ ಸಾದ್ ಖಾನ್ ಅವರ ನಿರ್ದೇಶನದಲ್ಲಿ ವೂಟ್ ಎಂಬ ಅಂತರಜಾಲ ವೇದಿಕೆಯಲ್ಲಿ ೧೦ ಕಂತುಗಳ ಸರಣಿಯಾಗಿ ಬಂದಿತು. ಅದರ ಮಾತು ಕನ್ನಡ ಇಂಗ್ಲಿಷುಗಳ ಬೆರಕೆ. ಪರಿಚಯ ಮೊದಲೇ ಸಿದ್ಧವಾಗಿದ್ದುದು ಅದರ ಅನುಕೂಲ. ಆದರೆ ೨೦೨೩ರಲ್ಲಿ ವೂಟ್ ವೇದಿಕೆಯೇ ಜಿಯೋಸಿನಿಮಾದಲ್ಲಿ ಲೀನವಾಯಿತು. ೨೦೨೫ರಲ್ಲಿ ಅದೂ ಇನ್ನೊಂದರೊಡನೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಹೊಸ ವೇದಿಕೆಗಳಲ್ಲಿ ಹಂಗಾಮಿನ ವಿರಾಮ ಮರಳಿ ಬಂದಿದೆ ಎಂದು ಸಂತೋಷಪಡುವಷ್ಟರಲ್ಲಿ ಹೊಲವೇ ಕೈಬದಲಾಗುವ ಅಪಾಯವೂ ಕೂಡಿಕೊಂಡಿದೆ.

೮

ಮೇಲ್ಕಂಡ ವಿಚಾರದಿಂದ, ತಡವರಿಸುತ್ತಿರುವ ಹೊಸ ಹಾಸ್ಯ ಧಾರಾವಾಹಿಯೊಂದು ಉಳಿಯಬಲ್ಲುದೇ ಎಂದು ಪರೀಕ್ಷಿಸಲು ಕೆಲವು ಪ್ರಶ್ನೆಗಳನ್ನು ಸೂಚಿಸಬಹುದು. ಒಟ್ಟು ಪ್ರೇಕ್ಷಕರು ಎಷ್ಟು ಎಂಬುದಕ್ಕಿಂತ, ಒಮ್ಮೆ ಬಂದವರಲ್ಲಿ ಮರಳಿ ಬರುವವರೆಷ್ಟು? ಸಂಖ್ಯೆ ಚಿಕ್ಕದಿದ್ದರೂ ಮರಳುವವರ ಪ್ರಮಾಣ ದೊಡ್ಡದಾಗಿದ್ದರೆ ಪರಿಚಯ ಬೇರೂರುತ್ತಿದೆ ಎಂದೇ ಅರ್ಥ. ಎರಡನೆಯದಾಗಿ, ಪಾತ್ರಗಳ ಹೆಸರು ಜನರ ಬಾಯಲ್ಲಿ ಹುಟ್ಟುತ್ತಿದೆಯೆ? ನೆರೆಮನೆಯವನನ್ನು ಆ ಹೆಸರಿನಿಂದ ಕರೆದು ನಗುವ ದಿನ ಬಂದರೆ ಧಾರಾವಾಹಿ ಬದುಕಿಕೊಂಡಿತು. ಮೂರನೆಯದಾಗಿ, ಇತ್ತೀಚಿನ ಕಂತು ಮೊದಲ ಕಂತಿಗಿಂತ ಮೇಲಾಗಿದೆಯೆ? ನಟರು ಪಾತ್ರವನ್ನೂ ಬರಹಗಾರರು ನಟರನ್ನೂ ಅರಿತುಕೊಳ್ಳುತ್ತಿದ್ದಾರೆಂಬುದಕ್ಕೆ ಇದೇ ಸಾಕ್ಷಿ. ಕೊನೆಯದಾಗಿ, ಕಾಯಲು ಸಾಮರ್ಥ್ಯವೂ ಮನಸ್ಸೂ ಇರುವವರು ಅದರ ಹಿಂದೆ ಯಾರಾದರೂ ಇದ್ದಾರೆಯೆ? ಮೊದಲ ಮೂರಕ್ಕೂ ಹೌದೆಂಬ ಉತ್ತರವಿದ್ದು ನಾಲ್ಕನೆಯದಕ್ಕೆ ಇಲ್ಲವೆಂದಾದರೆ ಧಾರಾವಾಹಿ ನಿಲ್ಲುತ್ತದೆ, ಮತ್ತು ಆ ಸೋಲು ಕಲೆಯದಲ್ಲ.

ಹದಿಮೂರು ವಾರಗಳ ಹಳೆಯ ಅಳತೆಗೆ ಮತ್ತೆ ಗೌರವ ಸಲ್ಲಬೇಕೆಂದು ತೋರುತ್ತದೆ. ವಾರಕ್ಕೆ ಒಂದೋ ಎರಡೋ ಕಂತು, ಹದಿಮೂರು ವಾರ ಅಭಯ, ಅನಂತರ ವಿರಾಮ ಹಾಗೂ ವಿಮರ್ಶೆ, ಬಳಿಕ ನಿರ್ಧಾರ. ಇದರಿಂದ ವಾಹಿನಿಯ ನಷ್ಟಕ್ಕೊಂದು ಮಿತಿಯಿರುತ್ತದೆ, ಬರಹಗಾರನಿಗೆ ಉಸಿರಿರುತ್ತದೆ. ಕಾಲೇಜುಗಳ ಕರ್ತವ್ಯವೂ ಒಂದುಂಟು. ನಾಟಕದ ಪಠ್ಯವನ್ನು ಪಾಠ ಹೇಳುವಂತೆ ಹಾಸ್ಯ ಧಾರಾವಾಹಿಯ ಒಂದು ಕಂತನ್ನೂ ತರಗತಿಯಲ್ಲಿ ಬಿಡಿಸಿ ನೋಡಬಹುದು; ವಿದ್ಯಾರ್ಥಿಗಳು ಒಂದು ಹೊಸ ಧಾರಾವಾಹಿಯ ಮೊದಲ ಹದಿಮೂರು ಕಂತುಗಳನ್ನು ಅನುಸರಿಸಿ, ಪಾತ್ರಗಳ ಮಾತು ಹೇಗೆ ಬೆಳೆಯಿತೆಂದು ದಾಖಲಿಸಬಹುದು. ಸೋತು ನಿಂತ ಧಾರಾವಾಹಿಗಳ ದಾಖಲೆ ಗೆದ್ದವುಗಳ ದಾಖಲೆಯಷ್ಟೇ ಬೆಲೆಯುಳ್ಳದ್ದು. ಕನ್ನಡದಲ್ಲಿ ಮುಂದಿನ ಹಾಸ್ಯವನ್ನು ಬರೆಯಬೇಕಾದವರು ಈಗ ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ.